ಹೊಂಡ, ಬದು, ಗಿಡ: ಒಂದೇ ಹೊಲದಲ್ಲಿ ಮೂರು ಸರ್ಕಾರಿ ಯೋಜನೆ ಮಾಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಉದ್ಯೋಗ ಖಾತ್ರಿಯ ಕಂದಕ ಬದುವಿಗೆ, ಅಂದರೆ ಇಳಿಜಾರಿಗೆ ಅಡ್ಡವಾಗಿ ಗುಂಡಿ ತೋಡಿ ಆ ಮಣ್ಣನ್ನೇ ಕೆಳಬದಿಗೆ ಏರಿಸುವ ಕೆಲಸಕ್ಕೆ. ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ನೀರು ಹಿಡಿಯುವ ಹೊಂಡ ಮಾಡಿಸಿದೆ, ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಗಿಡವನ್ನೂ ಹಾಕಿದೆ. ಆದರೆ ನನ್ನ ಹೊಲದ ಮಣ್ಣನ್ನೂ ನೀರನ್ನೂ ಹಿಡಿದು ನಿಲ್ಲಿಸಿದ್ದು ಬದು.

ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆ ನಂಬಿದ ಹೊಲ. 4 ಎಕರೆ, ಕೆಮ್ಮಣ್ಣು, ಅರ್ಧ ಅಡಿ ಕೆಳಗೆ ಗರಸು. ರಾಗಿ, ಸಾವೆ, ನಡುನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ. ಬೋರ್‌ವೆಲ್ ಇಲ್ಲ, ಕೊರೆಸುವ ಧೈರ್ಯವೂ ಇಲ್ಲ. ಪಡುವಣದಿಂದ ಮೂಡಣಕ್ಕೆ ಇಳಿಜಾರು. ರೋಹಿಣಿ ಮಳೆ ಜೋರಾಗಿ ಬಿದ್ದರೆ ಉತ್ತ ಮಣ್ಣೆಲ್ಲ ಕೆಳಗಿನವರ ಹೊಲಕ್ಕೆ ಹೋಗುತ್ತಿತ್ತು. ನಮ್ಮ ಅಪ್ಪ ಪ್ರತಿ ವರ್ಷ ಗುದ್ದಲಿ ಹಿಡಿದು ಅಲ್ಲಲ್ಲಿ ಕಲ್ಲು ಒಟ್ಟುತ್ತಿದ್ದರು. ಮುಂದಿನ ವರ್ಷ ಅದೂ ಕೊಚ್ಚಿ ಹೋಗುತ್ತಿತ್ತು.

ಮೊದಲು ಮಾಡಿಸಿದ್ದು ಹೊಂಡ, 2016ರಲ್ಲಿ. ಕೃಷಿ ಭಾಗ್ಯ 2014-15ರಲ್ಲಿ ಶುರುವಾದ ಯೋಜನೆ. ಸಾಮಾನ್ಯ ವರ್ಗದ ರೈತರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ. ಸುತ್ತಲಿನ ಊರುಗಳಲ್ಲಿ ಎಲ್ಲರೂ ತೋಡಿಸುತ್ತಿದ್ದರು, ನಾನೂ ಅರ್ಜಿ ಹಾಕಿದೆ. ಮೇಲೆ 12 ಮೀಟರ್ ಚೌಕ, ಆಳ 3 ಮೀಟರ್, ತಳದಲ್ಲಿ 6 ಮೀಟರ್ ಚೌಕ. ತುಂಬಿದರೆ ಸುಮಾರು ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇತ್ತು.

ತಪ್ಪಿದ್ದು ಜಾಗ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದೇ ತಪ್ಪನ್ನು ನಾನು ಆಮೇಲೆ ಎಷ್ಟೋ ಹೊಲಗಳಲ್ಲಿ ನೋಡಿದ್ದೇನೆ. ಜಾಗ ಗುರುತು ಮಾಡಲು ಬಂದವರು ಬೈಕಿನಿಂದ ಇಳಿದದ್ದು ಹೊಲದ ಮೇಲಿನ ಮೂಲೆಯಲ್ಲಿ, ರಸ್ತೆಯ ಪಕ್ಕ. ಅಂದು ಉರಿ ಬಿಸಿಲು. ಅಲ್ಲೇ ನಿಂತು "ಇಲ್ಲಿ ಆಗುತ್ತಾ?" ಅಂದರು. ಜೆಸಿಬಿಯವನೂ "ಇಲ್ಲಾದರೆ ಗಾಡಿ ಸಲೀಸಾಗಿ ಇಳಿಯುತ್ತದೆ" ಅಂದ. ಕೆಳಗೆ ತೋಡಿದರೆ ಹೊಲದ ಉದ್ದಕ್ಕೂ ಜೆಸಿಬಿ ತುಳಿಯುತ್ತದೆ ಎಂಬ ಭಯ ನನಗೂ ಇತ್ತು. ಒಪ್ಪಿದೆ. ಮೊಬೈಲಿನಲ್ಲಿ ಜಾಗದ ಗುರುತಿನ ಸಮೇತ ಫೋಟೋ ತೆಗೆದರು. ಇಡೀ ಕೆಲಸ ಐದು ನಿಮಿಷ.

ಅಂದು ಸಂಜೆ ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಿಗೆ ನೀರು ಹೇಗೆ ಹತ್ತುತ್ತದೆ?" ನನಗೆ ಎದೆ ಧಸಕ್ ಎಂದಿತು. ಹೊಲದ ನೀರೆಲ್ಲ ಕೆಳಕ್ಕೆ ಹರಿಯುತ್ತದೆ, ಹೊಂಡ ಮೇಲೆ ಬರುತ್ತದೆ. ರಸ್ತೆ ನೀರಾದರೂ ಬರಬಹುದು ಅಂದುಕೊಂಡರೆ, ಅದರ ಚರಂಡಿ ಆಚೆ ಬದಿಯಲ್ಲಿದೆ. ಮರುದಿನವೇ ಕಚೇರಿಗೆ ಹೋಗಿ ಜಾಗ ಬದಲಾಯಿಸಿ ಎಂದು ಕೇಳಿದೆ. ಒಮ್ಮೆ ಫೋಟೋ ಅಪ್‌ಲೋಡ್ ಆದ ಮೇಲೆ ಆಗುವುದಿಲ್ಲ, ಬೇಕಾದರೆ ಅರ್ಜಿ ರದ್ದು ಮಾಡಿ ಮುಂದಿನ ವರ್ಷ ಹಾಕಿ ಎಂದರು. ಮುಂದಿನ ವರ್ಷ ಸಿಗುತ್ತದೋ ಇಲ್ಲವೋ ಯಾರಿಗೆ ಗೊತ್ತು? ಜೆಸಿಬಿಗೆ ಅಡ್ವಾನ್ಸ್ ಬೇರೆ ಕೊಟ್ಟಾಗಿತ್ತು. ತೋಡಿಸಿಬಿಟ್ಟೆ. ಅಂದು ರದ್ದು ಮಾಡಬೇಕಿತ್ತು.

ಆಮೇಲೆ ಆದದ್ದು ಹೀಗೆ. ಹೊಂಡಕ್ಕೆ ಸಿಗುವುದು ಅದರ ಮೇಲೆ ನೇರವಾಗಿ ಬೀಳುವ ಮಳೆ ಮಾತ್ರ. 144 ಚದರ ಮೀಟರ್ ಜಾಗಕ್ಕೆ ವರ್ಷವಿಡೀ 600 ಮಿಲಿಮೀಟರ್ ಬಿದ್ದರೂ 86 ಸಾವಿರ ಲೀಟರ್. ಅಂದರೆ ಹೊಂಡದ ಮೂರನೇ ಒಂದು ಭಾಗ, ಅದೂ ಬಿಸಿಲು ಕುಡಿಯುವುದನ್ನು ಬಿಟ್ಟು. ಅದೇ ಹೊಂಡ ಕೆಳಗಿನ ಮೂಲೆಯಲ್ಲಿದ್ದಿದ್ದರೆ? ಒಂದು ಎಕರೆ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 80 ಸಾವಿರ ಲೀಟರ್ ನೀರು. ನಮ್ಮ 4 ಎಕರೆಯಿಂದ ಅದರಲ್ಲಿ ಕಾಲು ಭಾಗ ಹರಿದು ಬಂದರೂ ಮೂರು ಒಳ್ಳೆ ಮಳೆಗೆ ಹೊಂಡ ತುಂಬಿ, ಹಸ್ತ ಚಿತ್ತೆ ಮಳೆ ಕೈಕೊಟ್ಟಾಗ ರಾಗಿಗೆ ಒಂದು ನೀರು ಕೊಡಬಹುದಿತ್ತು. ಒಂದೇ ಖರ್ಚು, ಒಂದೇ ಸಬ್ಸಿಡಿ, ಜಾಗ ಮಾತ್ರ ಬೇರೆ.

2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಎಂಥ ಮಳೆ ಬಂತು ಅಂತ ನೆನಪಿರಬಹುದು. 1933ರ ಮೇಲೆ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ ಅದು. ಜನ ವ್ಯಾನ್ ಮಾಡಿಕೊಂಡು ಕೋಡಿ ನೋಡಲು ಹೋದರು. ಆ ವರ್ಷವೂ ನಮ್ಮ ಹೊಂಡ ಅರ್ಧ ದಾಟಲಿಲ್ಲ.

ದುಡ್ಡಿನ ವಿಷಯ. ಮೊದಲು ನಾವು ಖರ್ಚು ಮಾಡಬೇಕು, ಸಹಾಯಧನ ಆಮೇಲೆ. ತೋಡಲು, ನೀರು ಇಂಗದಂತೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಲು ನನ್ನ ಕೈಯಿಂದ 62 ಸಾವಿರ ಹೋಯಿತು. ಹೆಂಡತಿಯ ಸರ ಅಡ ಇಟ್ಟೆ. ಹಣ ವಾಪಸ್ ಬರಲು ಏಳು ತಿಂಗಳು ಹಿಡಿಯಿತು. ಶೇ 80 ಅನ್ನುವುದು ಬಡ್ಡಿ ಕಳೆದ ಮೇಲೆ ಅಷ್ಟೇ ಉಳಿಯುವುದಿಲ್ಲ.

ಹೊಂಡಕ್ಕೆ ಬೇಲಿ ಹಾಕದೆ ಒಂದು ದಿನವೂ ಬಿಡಬೇಡಿ. ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಬಿದ್ದವರು ಹತ್ತಿ ಬರಲು ಆಗುವುದಿಲ್ಲ. 2023-24ರಲ್ಲಿ ಯೋಜನೆ ಮತ್ತೆ ಶುರುವಾದಾಗ ತಂತಿ ಬೇಲಿಯನ್ನೂ ಅದರಲ್ಲಿ ಸೇರಿಸಿದ್ದಾರೆ, ಒಳ್ಳೆಯದಾಯಿತು. ನಾವು ಆಗ ಸ್ವಂತ ಖರ್ಚಿನಲ್ಲಿ ಮುಳ್ಳುಬೇಲಿ ಹಾಕಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟೆವು. ಅದು ಈಗಲೂ ಇದೆ.

ಈಗ ಬದು. 2020, ಲಾಕ್‌ಡೌನ್. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ, ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರೆಲ್ಲ ಊರಿಗೆ ಬಂದು ಕೂತಿದ್ದರು. ಪಂಚಾಯಿತಿಯವರು ಖಾತ್ರಿಯಲ್ಲಿ ಬದು ಕೆಲಸ ಕೊಡುತ್ತೇವೆ, ಅರ್ಜಿ ಕೊಡಿ ಎಂದರು. ಖಾಸಗಿ ಜಮೀನಿನಲ್ಲಿ ಖಾತ್ರಿ ಕೆಲಸ ಆಗ ಎಲ್ಲರಿಗೂ ಸಿಗುತ್ತಿರಲಿಲ್ಲ. ಪರಿಶಿಷ್ಟರು, ಬಿಪಿಎಲ್ ಕುಟುಂಬದವರು, 5 ಎಕರೆ ಒಳಗಿನ ಸಣ್ಣ ರೈತರು, ಹೀಗೆ. ಜಾಬ್ ಕಾರ್ಡ್ ಇರಬೇಕಿತ್ತು, ಮನೆಯವರು ಒಬ್ಬರಾದರೂ ತಮ್ಮ ಹೊಲದ ಕೆಲಸದಲ್ಲಿ ದುಡಿಯಬೇಕಿತ್ತು. ನಾನೂ ನನ್ನ ಹೆಂಡತಿಯೂ ಇಬ್ಬರೂ ದುಡಿದೆವು.

ನನಗೆ ಇದು ಯಾಕೆ ಇಷ್ಟವಾಯಿತು ಅಂದರೆ, ಗುರುತು ಮಾಡಿದ ರೀತಿ. ಬಂದ ಹುಡುಗ ಹೊಸಬ. ಆದರೆ ಹೊಲ ಪೂರ್ತಿ ನಡೆದ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿ ಹಿಡಿದು ಮಟ್ಟ ನೋಡಿ, ಸುಣ್ಣದ ಗೆರೆ ಎಳೆದ. ಮಧ್ಯೆ ನಿಂತು ಅಪ್ಪನನ್ನು "ತಾತ, ಜೋರು ಮಳೆಗೆ ನೀರು ಎಲ್ಲಿ ಒಡೆದುಕೊಂಡು ಹೋಗುತ್ತದೆ?" ಎಂದು ಕೇಳಿದ. ನಾಲ್ಕು ವರ್ಷದ ಹಿಂದೆ ಹೊಂಡಕ್ಕೆ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿರಲಿಲ್ಲ. ಅಪ್ಪ ಕೋಲು ಊರಿಕೊಂಡು ನಡೆದು ಒಂದೊಂದು ಜಾಗವನ್ನೂ ತೋರಿಸಿದರು. ಸರ್ಕಾರದ ತಾಂತ್ರಿಕ ನೆರವು ಅಂದರೆ ಹೀಗಿರಬೇಕು ಅಲ್ವಾ?

ಕೆಳಗಿನ 3 ಎಕರೆಗೆ ಇಳಿಜಾರಿಗೆ ಅಡ್ಡವಾಗಿ 90 ಗುಂಡಿ. ಒಂದೊಂದು 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳ. ತೆಗೆದ ಮಣ್ಣನ್ನು ಕೆಳಬದಿಗೆ ಏರಿಸಿ ಬದು. ಒಟ್ಟು 128 ಆಳಿನ ದಿನ ಹಿಡಿಯಿತು. ಆಗ ಕೂಲಿ ದಿನಕ್ಕೆ 275 ರೂಪಾಯಿ, ಅಂದರೆ 35,200 ರೂಪಾಯಿ ಕೆಲಸ. ಅದರಲ್ಲಿ ನಮ್ಮಿಬ್ಬರ ಪಾಲು 38 ದಿನ, 10,450 ರೂಪಾಯಿ. ನನ್ನ ಹೊಲಕ್ಕೆ ಬದು ಬಂತು, ಮೇಲೆ ಕೂಲಿಯೂ ಸಿಕ್ಕಿತು. ಸರ ಅಡ ಇಡಲಿಲ್ಲ. ಕೂಲಿ ಖಾತೆಗೆ ತಡವಾಗಿ ಬಂತು, ಅಷ್ಟೇ.

ಲೆಕ್ಕ ನೋಡಿ. ಒಂದು ಗುಂಡಿ ಸುಮಾರು 1,700 ಲೀಟರ್ ಹಿಡಿಯುತ್ತದೆ. 90ಕ್ಕೆ ಒಂದೂವರೆ ಲಕ್ಷ. ಹೊಂಡಕ್ಕಿಂತ ಕಡಿಮೆ ಅನ್ನಿಸುತ್ತದೆ. ಆದರೆ ಗುಂಡಿ ತುಂಬಿ ಎರಡು ಮೂರು ದಿನಕ್ಕೆ ಇಂಗುತ್ತದೆ, ಮುಂದಿನ ಮಳೆಗೆ ಮತ್ತೆ ತುಂಬುತ್ತದೆ. ವರ್ಷಕ್ಕೆ ಐದು ಸಲ ತುಂಬಿದರೂ ಏಳೂವರೆ ಲಕ್ಷ ಲೀಟರ್ ನನ್ನ ಹೊಲದ ಮಣ್ಣಿನೊಳಗೇ ಇಳಿಯಿತು. ಮೋಟಾರು ಬೇಡ, ಹಾಳೆ ಬೇಡ. ಗುಂಡಿಯಲ್ಲಿ ನಿಂತ ಗೋಡನ್ನು ಬೇಸಿಗೆಯಲ್ಲಿ ಎತ್ತಿ ಹೊಲಕ್ಕೇ ಹಾಕುತ್ತೇನೆ. ಕೆಳಗಿನವರಿಗೆ ಹೋಗುತ್ತಿದ್ದ ಮಣ್ಣು ಅದು.

ಬದುವಿಗೂ ಏಟು ಬಿದ್ದಿತ್ತು. 2022ರ ಮಳೆಗೆ ಕೋಡಿ ಬಿಡದ ಒಂದು ಕಡೆ ಒಡೆಯಿತು. ಕಲ್ಲು ಕಟ್ಟಿ ಕೋಡಿ ಮಾಡಿದೆ, ಎರಡು ದಿನದ ಕೆಲಸ. ಮರುವರ್ಷ, 2023ರಲ್ಲಿ, ಬರ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ. ಬದು ಇಲ್ಲದ ಮೇಲಿನ ಒಂದು ಎಕರೆಯಲ್ಲಿ ರಾಗಿ ತೆನೆ ಕಟ್ಟುವ ಮೊದಲೇ ಬಾಡಿತು, ಮೇವಿಗೆ ಕುಯ್ದೆವು. ಬದು ಇದ್ದ 3 ಎಕರೆಯಲ್ಲಿ 7 ಚೀಲ ಆಯಿತು. ಒಳ್ಳೆ ವರ್ಷದ ಅರ್ಧವೂ ಅಲ್ಲ. ಆದರೂ ಮನೆಗೆ ರಾಗಿ ಕೊಳ್ಳಲಿಲ್ಲ.

ಗಿಡದ ಯೋಜನೆ ಬಗ್ಗೆ ನನಗೆ ತಕರಾರು ಕಡಿಮೆ. 2021ರ ಮುಂಗಾರಿನಲ್ಲಿ 10 ರೂಪಾಯಿ ನೋಂದಣಿ ಶುಲ್ಕ, ಪಹಣಿ, ಆಧಾರ್, ಪಾಸ್‌ಬುಕ್ ಕೊಟ್ಟು ನರ್ಸರಿಯಿಂದ 120 ಸಸಿ ತಂದೆ. ಹೊಂಗೆ, ಬೇವು, ಹುಣಸೆ, ಹೆಬ್ಬೇವು. ಬದುಕಿದ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ನನಗೆ ಲೆಕ್ಕಕ್ಕೆ ಸಿಕ್ಕಿದ್ದು 88, 79, 74 ಗಿಡ. ಒಟ್ಟು 9,940 ರೂಪಾಯಿ. ಬೇಸಿಗೆಯಲ್ಲಿ ನೀರು ಹೊತ್ತ ಕಷ್ಟಕ್ಕೆ ಅದು ಸಾಲದು. ಆದರೂ ಗಿಡ ಉಳಿಸಿದವರಿಗೆ ಮಾತ್ರ ದುಡ್ಡು ಅನ್ನುವ ನಿಯಮ ನನಗೆ ಸರಿ ಅನ್ನಿಸುತ್ತದೆ.

ಒಂದು ಎಚ್ಚರಿಕೆ. ಎಣಿಸಲು ಬಂದಾಗ ನೀವು ಹೊಲದಲ್ಲಿರಿ. ಎಲೆ ಉದುರಿಸಿ ನಿಂತ ಹೆಬ್ಬೇವನ್ನು ಸತ್ತ ಗಿಡ ಎಂದು ಬಿಟ್ಟುಬಿಡುತ್ತಾರೆ. ಉಗುರಿನಿಂದ ತೊಗಟೆ ಗೀರಿ ಒಳಗಿನ ಹಸಿರು ತೋರಿಸಿ ನಾನು 11 ಗಿಡ ಮತ್ತೆ ಲೆಕ್ಕಕ್ಕೆ ಸೇರಿಸಿದೆ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್‌ಗೆ ಪ್ರೋತ್ಸಾಹಧನ ಇಲ್ಲ. ಶ್ರೀಗಂಧ ನಾನು ಹಾಕಲಿಲ್ಲ. 2001ರ ತಿದ್ದುಪಡಿ ಆದಮೇಲೆ ಮರ ಜಮೀನಿನವನದೇ, ನಿಜ. ಆದರೆ ರಾತ್ರಿ ಕಾವಲು ಯಾರು ಕೂರುತ್ತಾರೆ?

ಇನ್ನೊಂದು ಮಾತು, ಗಿಡಗಳಲ್ಲಿ ಬದುಕಿದ್ದು ಹೆಚ್ಚಾಗಿ ಬದುವಿನ ಮೇಲೆ ನೆಟ್ಟವು. ಮೇಲಿನ ಎಕರೆಯ ಅಂಚಿನಲ್ಲಿ ಹಾಕಿದ 30ರಲ್ಲಿ ಉಳಿದದ್ದು 6. ಹಾಗಾಗಿ ಎರಡೂ ಮಾಡಿಸುವುದಾದರೆ ಮೊದಲು ಬದು, ಆಮೇಲೆ ಗಿಡ.

ಜಲಾನಯನ ಯೋಜನೆ ನಮಗೆ ಬರಲಿಲ್ಲ. ಅದು ಒಂದು ಹಳ್ಳದ ಸುತ್ತಲಿನ ಇಡೀ ಪ್ರದೇಶ ಆಯ್ಕೆಯಾದರೆ ಮಾತ್ರ.

ನಿಮ್ಮ ಕೈಯಲ್ಲಿ ದುಡ್ಡಿದ್ದರೆ, ತರಕಾರಿಯನ್ನೋ ಹಣ್ಣಿನ ಗಿಡವನ್ನೋ ಮಾಡುವ ಯೋಚನೆ ಇದ್ದರೆ ಹೊಂಡ ಬೇಕೇ ಬೇಕಾಗಬಹುದು. ಬದು ಕಟ್ಟಿದ ನೀರನ್ನು ಪೈಪಿನಲ್ಲಿ ಎತ್ತಲು ಬರುವುದಿಲ್ಲ. ಹಾಗಿದ್ದರೆ ಅರ್ಜಿ ಹಾಕುವ ಮುಂಚಿನ ಮಳೆಗಾಲದಲ್ಲೇ ಒಂದು ಕೆಲಸ ಮಾಡಿ. ಜೋರು ಮಳೆ ಬರುವಾಗ ಗೋಣಿ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗಿ, ನೀರು ಎಲ್ಲಿ ಸೇರುತ್ತದೋ ಅಲ್ಲಿ ಗೂಟ ಹೊಡೆಯಿರಿ. ಯಾರೇ ಬರಲಿ, ಆ ಗೂಟದ ಹತ್ತಿರ ಕರೆದುಕೊಂಡು ಹೋಗದೆ ಫೋಟೋ ತೆಗೆಯಲು ಬಿಡಬೇಡಿ.

ನನ್ನ ಹಾಗೆ ಸಾಲ ಅಂದರೆ ಹೆದರುವವರು, ರಾಗಿ ಸಾವೆ ಬೆಳೆದು ಮೈಮುರಿದು ದುಡಿಯುವವರು ಬದು ಮಾಡಿಸಿ. ನಾನು ಹೇಳಿದ ಕೂಲಿ ಲೆಕ್ಕ 2020ರದ್ದು. ದರ, ನಿಯಮ ಆಮೇಲೆ ಬದಲಾಗಿವೆ, ಹಾಜರಿಗೆ ದಿನಕ್ಕೆ ಎರಡು ಸಲ ಫೋಟೋ ಕೂಡ ಬಂತು. ಪಂಚಾಯಿತಿಯಲ್ಲಿ ಈಗಿನದ್ದು ಕೇಳಿ. ಗ್ರಾಮಸಭೆಯಲ್ಲಿ ನಿಮ್ಮ ಹೆಸರು ಕ್ರಿಯಾ ಯೋಜನೆಗೆ ಸೇರದಿದ್ದರೆ ಒಂದು ವರ್ಷ ಸುಮ್ನೆ ಹೋಗುತ್ತದೆ. ಅದಕ್ಕೆ ಅರ್ಜಿಯ ಸ್ವೀಕೃತಿ ಚೀಟಿ ತಪ್ಪದೆ ಇಸ್ಕೊಳ್ಳಿ.

ನಾನು ಮೇಲಿನ ಎಕರೆಗೂ ಬದು ಬೇಕು ಎಂದು ಅರ್ಜಿ ಕೊಟ್ಟಿದ್ದೇನೆ. ಈ ಸಲ ಅಪ್ಪ ಇಲ್ಲ. ಅವರು ಕೋಲು ಊರಿ ತೋರಿಸಿದ ಜಾಗಗಳಿಗೆಲ್ಲ ಆಗಲೇ ಒಂದೊಂದು ಕಲ್ಲು ನೆಟ್ಟಿದ್ದೆ. ಗುರುತು ಮಾಡಲು ಬರುವವರನ್ನು ಮೊದಲು ಆ ಕಲ್ಲುಗಳ ಹತ್ತಿರ ಕರೆದುಕೊಂಡು ಹೋಗಬೇಕು.