ಶುಕ್ರವಾರದ ಹಡಗು, ಸೋಮವಾರದ ಹಡಗು

ಮುಂಬೈಯಿಂದ ಹೊರಡುವ ಎರಡು-ಮೂರು ರಾತ್ರಿಗಳ ಅಗ್ಗದ ಕ್ರೂಸ್ ಎಂದರೆ ಕುಡಿತ, ಕುಣಿತ ಮತ್ತು ಕೂಗಾಟ, ಸಂಸಾರಸ್ಥರು ಕಾಲಿಡುವ ಜಾಗವಲ್ಲ ಎಂಬ ಮಾತನ್ನು ನಾವು ಬೆಳಗಾವಿ ಬಿಡುವ ಮೊದಲೇ ನಾಲ್ಕಾರು ಜನರಿಂದ ಕೇಳಿದ್ದೆವು. ಆಮೇಲೆ ಒಂದೇ ಹಡಗಿನಲ್ಲಿ ಎರಡು ಸಲ ಹೋಗಿ ಬಂದೆವು. ಮೊದಲ ಸಲ ಶುಕ್ರವಾರ ಸಂಜೆ ಹೊರಟು, ಶನಿವಾರವಿಡೀ ಸಮುದ್ರದ ಮೇಲಿದ್ದು, ರವಿವಾರ ಬೆಳಿಗ್ಗೆ ಮರಳುವ ಎರಡು ರಾತ್ರಿಯ ಪಯಣ. ಮರುವರ್ಷ ದಸರಾ ರಜೆಯಲ್ಲಿ ಸೋಮವಾರ ಹೊರಟು, ಗೋವಾ ಮುಟ್ಟಿ, ಗುರುವಾರ ಮರಳುವ ಮೂರು ರಾತ್ರಿಯ ಪಯಣ. ಹಡಗು ಅದೇ, ಅಡುಗೆ ಅದೇ, ನೌಕರರಲ್ಲಿ ಎಷ್ಟೋ ಮುಖಗಳು ಅವೇ. ಆದರೂ ಮೊದಲನೆಯದಕ್ಕೆ ಮತ್ತೆ ಹಣ ಕೊಡಲು ನಾನು ಸಿದ್ಧಳಿಲ್ಲ, ಎರಡನೆಯದಕ್ಕೆ ಈಗಲೂ ಸಿದ್ಧಳಿದ್ದೇನೆ.

ನಾವು ಮೂವರು: ಪ್ರೌಢಶಾಲೆಯಲ್ಲಿ ಪಾಠ ಹೇಳುವ ನಾನು, ಖಡೇ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಯಜಮಾನರು, ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆ. ಹಡಗಿನ ಆಸೆ ಮೂಲತಃ ಅತ್ತೆಯವರದು. ಅವರ ತಂದೆ ವ್ಯಾಪಾರದ ಕೆಲಸಕ್ಕೆ ಘಟ್ಟ ಇಳಿದು ವೆಂಗುರ್ಲಾ ಬಂದರಿಗೆ ಹೋಗಿ, ಅಲ್ಲಿಂದ ಬೋಟು ಹತ್ತಿ ಮುಂಬೈ ಸೇರುತ್ತಿದ್ದರಂತೆ. ಬೋಟಿನ ಕಟಾಂಜನ ಹಿಡಿದು ನಿಂತು ಬೆಳಗಾಗುವುದನ್ನು ನೋಡಿದ ಅವರ ವರ್ಣನೆಯನ್ನು ಅತ್ತೆ ಬಾಲ್ಯದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆದ್ದರಿಂದ ನಮಗೆ ಬೇಕಾಗಿದ್ದುದು ಸಮುದ್ರದ ಮೇಲಿನ ಒಂದು ಬೆಳಗು, ಅದನ್ನು ನೋಡಲು ಎದ್ದೇಳುವಷ್ಟು ರಾತ್ರಿ ನಿದ್ದೆ. ನಮ್ಮ ಮನೆಯಲ್ಲಿ ಹತ್ತಕ್ಕೆ ದೀಪ ಆರುತ್ತದೆ, ಐದಕ್ಕೆ ಚಹಾ ಆಗುತ್ತದೆ. ಈ ಹೋಲಿಕೆಯನ್ನು ಓದುವವರು ಈ ಅಭ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು, ಏಕೆಂದರೆ ನನ್ನ ತೀರ್ಮಾನ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಮೊದಲ ಸಲದ ತಪ್ಪು ಟಿಕೆಟ್ ಕೊಳ್ಳುವಾಗಲೇ ಆಯಿತು. ಒಳಕೋಣೆ, ಕಿಟಕಿಯಿರುವ ಕೋಣೆ, ಬಾಲ್ಕನಿ ಕೋಣೆ ಎಂಬ ದರ್ಜೆಗಳು ಎಲ್ಲರಿಗೂ ತಿಳಿದಿರುತ್ತವೆ. ನಮಗೆ ತಿಳಿಯದೆ ಇದ್ದುದು ಒಂದೇ ದರ್ಜೆಯೊಳಗೆ ಇರುವ ಎರಡು ಬಗೆಯ ಟಿಕೆಟ್. ಒಂದರಲ್ಲಿ ಕೋಣೆಯ ಸಂಖ್ಯೆಯನ್ನು ನಾವೇ ಆರಿಸಿಕೊಳ್ಳಬಹುದು. ಇನ್ನೊಂದರಲ್ಲಿ ದರ್ಜೆ ಮಾತ್ರ ಖಾತರಿ, ಕೋಣೆ ಯಾವುದೆಂಬುದನ್ನು ಕಂಪನಿ ಕೊನೆಗೆ ತನ್ನ ಅನುಕೂಲದಂತೆ ಹಂಚುತ್ತದೆ, ಅದಕ್ಕಾಗಿ ದರದಲ್ಲಿ ಸ್ವಲ್ಪ ಕಡಿತ. ನಮ್ಮ ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು ಎರಡನೆಯದನ್ನು ಕೊಡಿಸಿ, ಎಲ್ಲ ಕೋಣೆಗಳೂ ಒಂದೇ ತರಹ ಇರುತ್ತವೆ ಎಂದು ಭರವಸೆ ಕೊಟ್ಟರು. ಅಳತೆಯ ಮಟ್ಟಿಗೆ ಅವರ ಮಾತು ಸುಳ್ಳಲ್ಲ. ಆದರೆ ನಮಗೆ ಸಿಕ್ಕಿದ ಒಳಕೋಣೆ ಈಜುಕೊಳದ ಡೆಕ್ಕಿನ ನೇರ ಕೆಳಗಿತ್ತು, ಮತ್ತು ಶುಕ್ರವಾರ ರಾತ್ರಿ ಡಿ.ಜೆ. ನಿಲ್ಲುವ ವೇದಿಕೆ ಆ ಈಜುಕೊಳದ ಪಕ್ಕದಲ್ಲಿತ್ತು.

ಹತ್ತೂವರೆಗೆ ಮಲಗಿದೆವು. ಹಾಡು ಕೇಳಿಸುತ್ತಿರಲಿಲ್ಲ, ಹಾಡಿನ ಮಾತು, ರಾಗ ಎಲ್ಲವೂ ನಡುವಿನ ಪದರಗಳಲ್ಲಿ ಸೋಸಿಹೋಗಿ, ತಗ್ಗು ಸ್ವರದ ಬಡಿತವೊಂದೇ ಉಕ್ಕಿನ ಮೈಯಲ್ಲಿ ಇಳಿದು ಬಂದು ಮಂಚದ ಕಾಲಿಗೆ, ಅಲ್ಲಿಂದ ದಿಂಬಿಗೆ ತಲುಪುತ್ತಿತ್ತು. ಕಿವಿ ಮುಚ್ಚಿಕೊಂಡರೂ ಅದು ಎದೆಗೆ ತಾಕುತ್ತಿತ್ತು. ಹನ್ನೆರಡು ದಾಟಿದ ಮೇಲೆ ಅತ್ತೆ ಎದ್ದು ಕುಳಿತು, "ಯವ್ವಾ, ಮ್ಯಾಲಿನ ಮಾಳಿಗ್ಯಾಗ ಜ್ವಾಳಾ ಕುಟ್ಟಾಕತ್ತಾರೇನ?" ಎಂದು ಕೇಳಿದರು. ಯಜಮಾನರು ಕೆಳಗಿಳಿದು ಸ್ವಾಗತ ಕಟ್ಟೆಯಲ್ಲಿ ವಿಚಾರಿಸಿದರೆ, ಹಡಗು ಪೂರ್ತಿ ತುಂಬಿದೆ, ಬದಲಿ ಕೋಣೆ ಇಲ್ಲ ಎಂಬ ಉತ್ತರದ ಜೊತೆಗೆ ಕಿವಿಗೆ ಇಟ್ಟುಕೊಳ್ಳುವ ಸ್ಪಂಜಿನ ಮೂರು ಜೊತೆ ಬಿರಡೆಗಳು ಸಿಕ್ಕವು. ಮೂರರ ಹೊತ್ತಿಗೆ ಬಡಿತ ನಿಂತಿತು. ನಾಲ್ಕಕ್ಕೆ ನೌಕರರು ಡೆಕ್ ತೊಳೆಯಲು ಒರಗು ಕುರ್ಚಿಗಳನ್ನು ಒಂದೊಂದಾಗಿ ಎಳೆಯತೊಡಗಿದರು. ನೂರಾರು ಕುರ್ಚಿಗಳನ್ನು ನಮ್ಮ ತಲೆಯ ಮೇಲಿಂದ ಎಳೆದಂತಾಯಿತು. ಐದಕ್ಕೆ ಬೆಳಗು ನೋಡಲು ಏಳಬೇಕಾಗಿದ್ದ ಅತ್ತೆಗೆ ಆಗ ಕಣ್ಣು ಹತ್ತಿತ್ತು. ಅವರನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಬಾಲ್ಯದಿಂದ ಕಾಯ್ದ ಒಂದು ಬೆಳಗು ಹಾಗೆ ಕೈತಪ್ಪಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಇದನ್ನು ತಪ್ಪಿಸಲು ಹೆಚ್ಚಿನ ಹಣ ಬೇಕಿಲ್ಲ, ಹಡಗಿನ ನಕ್ಷೆ ಓದಿದರೆ ಸಾಕು ಎಂಬುದು ಆಮೇಲೆ ತಿಳಿಯಿತು. ಪ್ರತಿ ಹಡಗಿನ ಅಂತಸ್ತುವಾರು ನಕ್ಷೆ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ನಿಮ್ಮ ಕೋಣೆಯ ಮೇಲೂ ಕೆಳಗೂ ಕೋಣೆಗಳೇ ಇವೆಯೇ ಎಂದು ನೋಡಬೇಕು. ಮೇಲೆ ಈಜುಕೊಳವೋ ಬುಫೆಯ ಅಡುಗೆಮನೆಯೋ, ಕೆಳಗೆ ನಾಟಕಶಾಲೆಯೋ ಬಾರೋ ಇದ್ದರೆ ಆ ಸಂಖ್ಯೆಯನ್ನು ಬಿಡಬೇಕು. ತೀರ ಹಿಂಭಾಗದಲ್ಲಿ ಎಂಜಿನ್ನಿನ ನಡುಕ ಇರುತ್ತದೆ. ತೀರ ಮುಂಭಾಗದ ಕೆಳ ಅಂತಸ್ತುಗಳಲ್ಲಿ, ಬಂದರು ಸೇರುವ ಬೆಳಗಿನ ಜಾವ ಲಂಗರಿನ ಸರಪಳಿ ಮತ್ತು ಹಡಗನ್ನು ಅಡ್ಡಕ್ಕೆ ಸರಿಸುವ ಚಕ್ರಗಳ ಸದ್ದು ಎಬ್ಬಿಸಿಬಿಡುತ್ತದೆ. ಉಳಿಯುವುದು ಕೆಳ ಅಂತಸ್ತಿನ ನಡುಭಾಗ. ಎರಡೂ ತುದಿ ಏರಿಳಿಯುವ ಹಲಗೆಯ ನಡು ಕಡಿಮೆ ಆಡುವಂತೆ ಅಲ್ಲಿ ಹೊಯ್ದಾಟವೂ ಕಡಿಮೆ, ಹೊಟ್ಟೆ ತೊಳಸುವವರಿಗೂ ಅದೇ ಒಳ್ಳೆಯ ಜಾಗ. ಎತ್ತರದ ಕೋಣೆಗಳಿಗೆ ಹೋಲಿಸಿದರೆ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಏಜೆಂಟರು ಈ ನಾಲ್ಕು ಮಾತುಗಳನ್ನು ಹೇಳಿದ್ದರೆ ನಮ್ಮ ಮೊದಲ ಪಯಣದ ಕತೆ ಬೇರೆಯೇ ಆಗುತ್ತಿತ್ತು.

ಹಾಗೆಂದು ಶುಕ್ರವಾರದ ಹಡಗಿಗೆ ಅನ್ಯಾಯ ಮಾಡಲಾರೆ. ಗದ್ದಲ ಬೇರೆ, ಪುಂಡಾಟ ಬೇರೆ. ಒಂದೇ ಬಣ್ಣದ ಅಂಗಿ ತೊಟ್ಟ ಗೆಳೆಯರ ತಂಡಗಳು, ಮದುವೆಗೆ ಮುಂಚಿನ ಔತಣಕ್ಕೆ ಬಂದವರು, ಯಾವುದೋ ಕಂಪನಿ ತನ್ನ ಡೀಲರುಗಳನ್ನು ಕರೆದುಕೊಂಡು ಬಂದ ದೊಡ್ಡ ಗುಂಪು, ಹೀಗೆ ಹಡಗು ತುಂಬಿತ್ತು; ಕುಡಿತವೂ ಧಾರಾಳವಾಗಿ ನಡೆಯುತ್ತಿತ್ತು. ಆದರೆ ಎರಡು ದಿನಗಳಲ್ಲಿ ಒಬ್ಬರೂ ನಮ್ಮೊಡನೆ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಲಿಫ್ಟಿನ ಬಾಗಿಲು ಹಿಡಿದು "ಬನ್ನಿ ಆಯೀ" ಎಂದು ಅತ್ತೆಯನ್ನು ಕರೆದವರೂ, ಬುಫೆಯಲ್ಲಿ ಎದ್ದು ಜಾಗ ಬಿಟ್ಟುಕೊಟ್ಟವರೂ ಅದೇ ಹುಡುಗರು. ಸದ್ದಿಗೂ ಒಂದು ಗಡಿ ಇತ್ತು: ಈಜುಕೊಳದ ಡೆಕ್, ಅದರ ಮೇಲಿನ ಬಾರು, ರಾತ್ರಿ ಹತ್ತರಿಂದ ಮೂರು. ಅದೇ ಹೊತ್ತಿನಲ್ಲಿ ಮುಂಭಾಗದ ತೆರೆದ ಡೆಕ್ಕಿನಲ್ಲಿ ನಾನು ಅರ್ಧ ಗಂಟೆ ಒಬ್ಬಳೇ ನಿಂತಿದ್ದೆ. ಗಾಳಿ ಮತ್ತು ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಈ ಅಪಖ್ಯಾತಿ ಬಹುಪಾಲು ದೂರದ ಸಮುದ್ರದಿಂದ ಬಂದದ್ದು ಎಂದು ನನಗನ್ನಿಸುತ್ತದೆ. ಅಮೆರಿಕದ ಮಯಾಮಿಯಿಂದ ಬಹಾಮಾಸ್ ದ್ವೀಪಗಳಿಗೆ ಹೋಗಿಬರುವ ಮೂರು-ನಾಲ್ಕು ರಾತ್ರಿಗಳ ಪಯಣಗಳೇ ಇದರ ಮೂಲ. 1972ರಲ್ಲಿ ಆರಂಭವಾದ ಕಾರ್ನಿವಲ್ ಕಂಪನಿ ತನ್ನ ಹಡಗುಗಳನ್ನು 'ಫನ್ ಶಿಪ್' ಎಂದು ಕರೆದು, ಅಲ್ಲಿಯವರೆಗೆ ವಯಸ್ಸಾದ ಶ್ರೀಮಂತರದ್ದೆನಿಸಿದ್ದ ಕ್ರೂಸನ್ನು ಸಾಮಾನ್ಯ ನೌಕರಿಯವರಿಗೂ ಯುವಕರಿಗೂ ತೆರೆಯಿತು. ಅಲ್ಲಿ ಮಾರ್ಚ್ ತಿಂಗಳ ಕಾಲೇಜು ರಜೆಯಲ್ಲಿ ವಿದ್ಯಾರ್ಥಿಗಳು ಇಂಥ ಹಡಗುಗಳನ್ನು ತುಂಬುತ್ತಾರೆ. ಟಿಕೆಟ್ ಅಗ್ಗವಾಗಿದ್ದರೆ ಕಂಪನಿಯ ಗಳಿಕೆ ಬಾರು ಮತ್ತು ಜೂಜುಕಟ್ಟೆಯಿಂದ ಬರಬೇಕು, ಅದಕ್ಕಾಗಿ ಹಡಗೇ ಜನರನ್ನು ರಾತ್ರಿಯಿಡೀ ಎಚ್ಚರವಿಡಲು ಬಯಸುತ್ತದೆ. ಇದಲ್ಲದೆ ಏಳು ರಾತ್ರಿ ಇರುವವನು ಒಂದು ರಾತ್ರಿ ಕುಣಿದು ಮರುದಿನ ಮಲಗಬಹುದು. ಎರಡೇ ರಾತ್ರಿ ಇರುವವನು ಎರಡನ್ನೂ ಕುಣಿಯುತ್ತಾನೆ. ಮುಂಬೈಯ ಶುಕ್ರವಾರದ ಹಡಗಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆದರೆ ಸೋಮವಾರ ರಜೆ ಹಾಕಿ ಗುರುವಾರದವರೆಗೆ ಬರುವವರು ಬೇರೆ ಜನ.

ಯಾರೆಂದರೆ, ನಿವೃತ್ತರಾದ ಗಂಡ-ಹೆಂಡಿರು, ಮೊಮ್ಮಕ್ಕಳನ್ನು ಕರೆತಂದ ಅಜ್ಜ-ಅಜ್ಜಿಯರು, ಮೂರು ತಲೆಮಾರು ಒಟ್ಟಿಗೆ ಬಂದ ಗುಜರಾತಿ ಮನೆತನಗಳು, ನಮ್ಮಂಥ ಶಿಕ್ಷಕರು. ಡೀಲರುಗಳ ಗುಂಪು ಈ ಸಲವೂ ಒಂದಿತ್ತು, ಆದರೆ ಅವರ ಸಭೆ ಹಗಲು ನಾಟಕಶಾಲೆಯಲ್ಲಿ ನಡೆದು ಸಂಜೆಗೆ ಮುಗಿಯುತ್ತಿತ್ತು. ಡಿ.ಜೆ. ಕೂಡ ಇದ್ದ. ಮಂಗಳವಾರ ಹನ್ನೊಂದೂವರೆಗೆ ನಾನು ಕುತೂಹಲದಿಂದ ಮೇಲೆ ಹೋಗಿ ನೋಡಿದಾಗ ಏಳೆಂಟು ಜನ ಮತ್ತು ಎರಡು ಚಿಕ್ಕ ಮಕ್ಕಳು ಕುಣಿಯುತ್ತಿದ್ದರು, ಹನ್ನೆರಡರ ನಂತರ ಯಾರೂ ಉಳಿಯಲಿಲ್ಲ. ಹಗಲಿನಲ್ಲಿ ಮಕ್ಕಳ ಗಲಾಟೆ ಇತ್ತೆಂಬುದು ನಿಜ. ದಿನವಿಡೀ ತರಗತಿಯಲ್ಲಿರುವ ನನಗೆ ಅದು ಸದ್ದೆನಿಸುವುದಿಲ್ಲ.

ಗೋವಾದ ದಿನವೇ ಈ ಪಯಣದ ನಿಜವಾದ ಲಾಭ, ಅದೂ ವಿಶೇಷವಾಗಿ ಬೆಳಗಾವಿಯವರಿಗೆ. ಹಡಗು ಮುರಗಾಂವ್ ಬಂದರಿನಲ್ಲಿ ನಿಂತ ಕೂಡಲೇ ಹೆಚ್ಚುಕಡಿಮೆ ಎಲ್ಲರೂ ಇಳಿದು ಬಸ್ಸು-ಟ್ಯಾಕ್ಸಿ ಹಿಡಿದರು. ನಮಗೆ ಗೋವಾ ಎಂದರೆ ಚೋರ್ಲಾ ಘಟ್ಟ ಇಳಿದರೆ ಮೂರು ತಾಸಿನ ದಾರಿ, ವರ್ಷಕ್ಕೆರಡು ಸಲ ಹೋಗಿಬರುವ ಊರು. ಹಾಗಾಗಿ ಇಳಿಯದೆ ಹಡಗಿನಲ್ಲೇ ಉಳಿದೆವು. ಇಡೀ ಈಜುಕೊಳದ ಡೆಕ್ಕಿನಲ್ಲಿ ಹತ್ತು ಜನರಿರಲಿಲ್ಲ. ಅತ್ತೆ ನೆರಳಿನ ಕುರ್ಚಿಯಲ್ಲಿ ಕುಳಿತು ಎದುರಿನ ಗುಡ್ಡವನ್ನೂ ಅದಿರು ಹೊರುವ ಬಾರ್ಜುಗಳನ್ನೂ ಮಧ್ಯಾಹ್ನದವರೆಗೆ ನೋಡಿದರು. ಮನೆಯ ಹತ್ತಿರದ ಊರನ್ನು ತಲುಪಲು ಐನೂರು ಕಿಲೋಮೀಟರು ಮುಂಬೈಗೆ ಹೋಗಿ ಹಡಗು ಹತ್ತುವುದು ವ್ಯರ್ಥವೆಂದು ಹಲವರು ನಮಗೆ ಹೇಳಿದ್ದರು. ಊರು ತಲುಪುವುದು ನಮ್ಮ ಉದ್ದೇಶವಾಗಿರಲಿಲ್ಲ.

ಖರ್ಚಿನ ವಿಷಯ. ಶುಕ್ರವಾರದ ಪಯಣಕ್ಕೆ ಒಬ್ಬರಿಗೆ 16,000 ರೂಪಾಯಿ ಎಂದು ಏಜೆಂಟರು ಹೇಳಿದ್ದರು; ಬಂದರು ಶುಲ್ಕ, ಸೇವಾ ಶುಲ್ಕ, ತೆರಿಗೆ ಸೇರಿ ಮೂವರಿಗೆ 63,000 ಆಯಿತು. ಸೋಮವಾರದ್ದಕ್ಕೆ ಮೂವರಿಗೆ ಎಲ್ಲ ಸೇರಿ 78,000, ಆದರೆ ಈ ಸಲ ಕಿಟಕಿಯಿರುವ ಕೋಣೆ, ಸಂಖ್ಯೆ ನಮ್ಮ ಆಯ್ಕೆಯದು. ರಾತ್ರಿಯ ಲೆಕ್ಕದಲ್ಲಿ ಮೊದಲನೆಯದು 31,500, ಎರಡನೆಯದು 26,000. ಇದೇ ಮೂರು ದಿನ ಕಾರಿನಲ್ಲಿ ದಕ್ಷಿಣ ಗೋವಾಕ್ಕೆ ಹೋಗಿ ಒಳ್ಳೆಯ ಹೋಟೆಲಿನಲ್ಲಿ ಉಳಿದರೆ ನಮಗೆ ಮೂವತ್ತು ಸಾವಿರದಲ್ಲಿ ಮುಗಿಯುತ್ತದೆ, ಆದ್ದರಿಂದ ಹಣವೊಂದೇ ಮುಖ್ಯವಾದವರು ಚೋರ್ಲಾ ದಾರಿ ಹಿಡಿಯುವುದೇ ಸರಿ. ಅಲ್ಲಿ ಇನ್ನೊಂದು ಅನುಕೂಲವೂ ಇದೆ: ಪಕ್ಕದಲ್ಲಿ ಗದ್ದಲವಾದರೆ ಗಂಟು ಕಟ್ಟಿಕೊಂಡು ಬೇರೆ ಕಡೆ ಹೋಗಬಹುದು. ಬಾಗಾ ಬೀಚಿನ ಶನಿವಾರ ರಾತ್ರಿ ಹಡಗಿನ ರಾತ್ರಿಗಿಂತ ಕಡಿಮೆಯದೇನಲ್ಲ, ಆದರೂ ಹಡಗಿಗೇ ಕೆಟ್ಟ ಹೆಸರು ಹೆಚ್ಚು ಅಂಟಿರುವುದಕ್ಕೆ ಅಲ್ಲಿಂದ ಎದ್ದು ಹೋಗಲು ದಾರಿಯಿಲ್ಲದಿರುವುದೇ ಕಾರಣವಿರಬೇಕು.

ಊಟ ಎರಡೂ ಸಲ ಚೆನ್ನಾಗಿತ್ತು, ಸಸ್ಯಾಹಾರಕ್ಕೂ ಜೈನರ ಅಡುಗೆಗೂ ಪ್ರತ್ಯೇಕ ಏರ್ಪಾಡಿತ್ತು. ಮನೆಯ ರೊಟ್ಟಿ, ಶೇಂಗಾ ಚಟ್ನಿಯನ್ನು ಒಳಗೆ ಬಿಡಲಿಲ್ಲ. ಹೊರಗಿನ ಆಹಾರ ನಿಷಿದ್ಧ, ಇಸ್ತ್ರಿ ಪೆಟ್ಟಿಗೆಯೂ ನಿಷಿದ್ಧ. ದಡ ಮರೆಯಾದ ಮೇಲೆ ಮೊಬೈಲು ನಡೆಯುವುದಿಲ್ಲ. ಅಪಾಯದ ಸಮಯದ ಕವಾಯತು ಹಡಗು ಹೊರಡುವ ಹೊತ್ತಿಗೆ ಕಡ್ಡಾಯ; 2012ರಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಮಗುಚಿದಾಗ ಆಗಷ್ಟೇ ಹತ್ತಿದ್ದ ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ ಎಂಬುದನ್ನು ನೆನೆದರೆ, ಶುಕ್ರವಾರದ ತಂಡಗಳು ಅದಕ್ಕೆ ತಡವಾಗಿ ಬಂದದ್ದು ನನಗೆ ಡಿ.ಜೆ.ಗಿಂತ ಹೆಚ್ಚು ಬೇಸರ ತಂದಿತು.

ಗೆಳೆಯರೊಡನೆ ಎರಡು ರಾತ್ರಿ ನಿದ್ದೆಗೆಟ್ಟು ನಲಿಯಬೇಕೆನ್ನುವವರಿಗೆ ಶುಕ್ರವಾರದ ಹಡಗು ತಕ್ಕುದಾಗಿದೆ, ಅದಕ್ಕಿರುವ ಹೆಸರೂ ಸುಳ್ಳಲ್ಲ. ಹಿರಿಯರನ್ನು ಕರೆದೊಯ್ಯುವವರು, ಬೇಗ ಮಲಗುವವರು, ವಾರದ ನಡುವೆ ನಾಲ್ಕು ದಿನ ಬಿಡುವು ಮಾಡಿಕೊಳ್ಳಬಲ್ಲವರು ಸೋಮವಾರದ್ದನ್ನೇ ಹಿಡಿಯಬೇಕು. ವಾರದ ಕೊನೆಯಲ್ಲಿ ಮಾತ್ರ ಬಿಡುವಿರುವವರಿಗೆ ನನ್ನ ಸಲಹೆಯೆಂದರೆ, ಕೋಣೆಯ ಸಂಖ್ಯೆ ಆರಿಸಿಕೊಳ್ಳಲಾಗದ ಟಿಕೆಟನ್ನು ಎಷ್ಟೇ ಕಡಿತ ಕೊಟ್ಟರೂ ಕೊಳ್ಳಬೇಡಿರಿ.

ಬುಧವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಅತ್ತೆಯನ್ನು ಎಬ್ಬಿಸಬೇಕಾಗಲಿಲ್ಲ. ಅವರೇ ಸೆರಗು ಹೊದ್ದು ಬಾಗಿಲ ಬಳಿ ನಿಂತಿದ್ದರು. ಡೆಕ್ಕಿನಲ್ಲಿ ಕಟಾಂಜನ ಹಿಡಿದು ನಿಂತರು. ಬೆಳಕು ಪೂರ್ತಿ ಹರಿದ ಮೇಲೆ, "ನಮ್ಮಪ್ಪ ಹೇಳಿದ್ದು ಇದ ನೋಡವಾ" ಎಂದರು.