ಲೇಬಲ್ ಇಲ್ಲದ ಟೊಮೆಟೊ ಬೀಜ: ಹೊಸದಾಗಿ ಕೈತೋಟ ಮಾಡುವವರಿಗೆ ಒಂದು ಎಚ್ಚರಿಕೆ

ಮನೆಯ ತಾರಸಿಯಲ್ಲೋ ಬಾಲ್ಕನಿಯಲ್ಲೋ ಮೊದಲ ಬಾರಿಗೆ ಬೀಜ ಹಾಕಿ ಟೊಮೆಟೊ ಬೆಳೆಯಲು ಹೊರಟಿರುವವರು ದಯವಿಟ್ಟು ಇದನ್ನು ಓದಿ. ಆನ್‌ಲೈನ್ ಮಳಿಗೆಗಳಲ್ಲೂ ಕೈತೋಟದ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ‘ಅಪರೂಪದ ತಳಿ’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಸಣ್ಣ ಜಿಪ್ ಕವರಿಗೆ ತುಂಬಿಸಿದ, ಉತ್ಪಾದಕರ ವಿಳಾಸವಾಗಲಿ ಲಾಟ್ ಸಂಖ್ಯೆಯಾಗಲಿ (ಬೀಜ ಯಾವ ಕಂತಿನದೆಂದು ಗುರುತಿಸುವ ಸಂಖ್ಯೆ) ಪರೀಕ್ಷೆಯ ದಿನಾಂಕವಾಗಲಿ ಇಲ್ಲದ ಬೀಜವನ್ನು, ಅದರ ಚಿತ್ರ ಎಷ್ಟೇ ಚೆಂದವಾಗಿದ್ದರೂ ಕೊಳ್ಳಬೇಡಿ. ಅಂಥ ಒಂದು ಕಿಟ್‌ನಿಂದಾಗಿ ನಮ್ಮ ಮನೆಯಲ್ಲಿ ಇಡೀ ಒಂದು ಹಂಗಾಮು ವ್ಯರ್ಥವಾಯಿತು. ಕೊಟ್ಟ ಹಣ ದೊಡ್ಡದೇನಲ್ಲ. ಆದರೆ ಬೀಜದ ಮೋಸ ತಿಳಿಯುವುದೇ ತಿಂಗಳುಗಳ ನಂತರ, ಮತ್ತು ಅಷ್ಟರಲ್ಲಿ ಹೊಸಬರು ತಮ್ಮ ಕೈಗುಣವೇ ಸರಿಯಿಲ್ಲವೆಂದು ತೀರ್ಮಾನಿಸಿ ಕುಂಡಗಳನ್ನು ಮೂಲೆಗೆ ತಳ್ಳಿರುತ್ತಾರೆ. ಇಂಥ ವ್ಯಾಪಾರ ನಿರಾತಂಕವಾಗಿ ನಡೆಯುತ್ತಿರುವುದು ಆ ತೀರ್ಮಾನದ ಬಲದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮಳೆಗಾಲ ಮುಗಿಯುತ್ತಾ ಬಂದು, ಬೆಂಗಳೂರಿನ ಹವೆ ಟೊಮೆಟೊಗೆ ಹದವಾಗುವ ಹೊತ್ತಿನಲ್ಲಿ ನಾವು ತರಿಸಿದ ಆ ಕಿಟ್‌ನಲ್ಲಿ ಬಗೆಬಗೆಯ ಬಣ್ಣದ ಟೊಮೆಟೊಗಳ ಬೀಜದ ಪುಟ್ಟ ಕವರುಗಳು, ಒತ್ತಿ ಗಟ್ಟಿ ಮಾಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ‘ಸಾವಯವ ಗೊಬ್ಬರ’ ಎಂದು ಬರೆದ ಒಂದು ಚೀಲ, ಮುಚ್ಚಳವಿರುವ ಪ್ಲಾಸ್ಟಿಕ್ ಟ್ರೇ ಮತ್ತು ಸೂಚನೆಗಳ ಒಂದು ಹಾಳೆ ಇದ್ದವು. ಜಾಹೀರಾತಿನ ಚಿತ್ರದಲ್ಲಿ ಆಕಾಶದಷ್ಟು ನೀಲಿಯಾದ ಹಣ್ಣುಗಳೂ, ಕಪ್ಪು, ಹಳದಿ ಮತ್ತು ಪಟ್ಟೆಯ ಹಣ್ಣುಗಳೂ ಕಂಡಿದ್ದವು. ಕವರಿನ ಮೇಲೆ ಪೆನ್ನಿನಿಂದ ಬರೆದ ಬಣ್ಣದ ಹೆಸರನ್ನು ಬಿಟ್ಟರೆ ಬೇರೆ ಯಾವ ಮಾಹಿತಿಯೂ ಇರಲಿಲ್ಲ.

ನೀಲಿ ಟೊಮೆಟೊ ಎಂಬ ಮಾತಿನಲ್ಲಿ ಸ್ವಲ್ಪ ನಿಜವೂ ಇರುವುದರಿಂದಲೇ ಜನ ಅದನ್ನು ನಂಬುತ್ತಾರೆ. ನೇರಳೆ ಹಣ್ಣಿಗೂ ಬದನೆಯ ಸಿಪ್ಪೆಗೂ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಸಿಪ್ಪೆಯಲ್ಲಿ ತುಂಬಿಕೊಳ್ಳುವಂಥ ಟೊಮೆಟೊ ತಳಿಗಳು ನಿಜವಾಗಿಯೂ ಇವೆ. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯವು ಸಾಂಪ್ರದಾಯಿಕ ಸಂಕರಣದಿಂದ ಅಭಿವೃದ್ಧಿಪಡಿಸಿ 2012ರಲ್ಲಿ ಹೊರತಂದ ‘ಇಂಡಿಗೊ ರೋಸ್’ ಅವುಗಳಲ್ಲಿ ಹೆಸರಾದದ್ದು. ಆದರೆ ಅದರ ಬಣ್ಣ ಕಪ್ಪು ಮಿಶ್ರಿತ ನೇರಳೆ, ಅದೂ ಬಿಸಿಲು ತಾಗಿದ ಸಿಪ್ಪೆಯ ಮೇಲೆ ಮಾತ್ರ. ಎಲೆಯ ನೆರಳಿನಲ್ಲಿದ್ದ ಭಾಗಕ್ಕೆ ಆ ಬಣ್ಣ ಹತ್ತುವುದಿಲ್ಲ, ಕೊಯ್ದು ನೋಡಿದರೆ ಒಳಗಿನ ತಿರುಳು ಕೆಂಪಾಗಿಯೇ ಇರುತ್ತದೆ. ಹಾಗಿರುವಾಗ ಸಿಪ್ಪೆಯೂ ತಿರುಳೂ ಒಂದೇ ಸಮನೆ ಹೊಳೆಯುವ ನೀಲಿಯಾಗಿರುವ ಹಣ್ಣಿನ ಚಿತ್ರ ಕಂಡಲ್ಲಿ, ಅದು ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿದ್ದೆಂದು ತಿಳಿದು ಆ ಮಾರಾಟಗಾರರಿಂದ ಬೇರೆ ಯಾವ ಬೀಜವನ್ನೂ ಕೊಳ್ಳದಿರುವುದು ಒಳಿತು.

ಟೊಮೆಟೊ ಬೀಜವನ್ನು ಅರ್ಧದಿಂದ ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಹದವಾದ ತೇವ ಕಾಪಾಡಿದರೆ ಸಾಮಾನ್ಯವಾಗಿ 5ರಿಂದ 10 ದಿನಗಳೊಳಗೆ ಮೊಳೆಯುತ್ತದೆ. ನಮ್ಮ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು ಬಿಟ್ಟರೆ ಹೆಚ್ಚಿನ ಗುಣಿಗಳು ಖಾಲಿಯೇ ಉಳಿದವು. ಮಾರಾಟಗಾರರನ್ನು ಕೇಳಿದಾಗ ಬಂದ ಉತ್ತರ, ನೀರು ಹೆಚ್ಚಾಗಿರಬೇಕು, ಹೊಸಬರಿಗೆ ಹೀಗಾಗುವುದು ಸಹಜ ಎಂಬುದು. ಬೀಜ ಯಾವ ವರ್ಷದ್ದು ಎಂಬ ಪ್ರಶ್ನೆಗೆ ಉತ್ತರ ಬರಲೇ ಇಲ್ಲ. ತಂಪಾದ ಒಣ ಜಾಗದಲ್ಲಿಟ್ಟರೆ ಟೊಮೆಟೊ ಬೀಜ ಕೆಲವು ವರ್ಷಗಳ ಕಾಲ ಜೀವ ಹಿಡಿದಿರುತ್ತದೆ, ನಿಜ; ಆದರೆ ಗಾಳಿಯ ತೇವ ಒಳನುಗ್ಗುವ ಕವರಿನಲ್ಲಿ, ಸೆಕೆಯ ಗೋದಾಮಿನಲ್ಲಿ ಬಿದ್ದಿದ್ದ ಬೀಜದ ಶಕ್ತಿ ಬಹಳ ಬೇಗ ಕುಂದುತ್ತದೆ, ಮತ್ತು ಹೊರಗಿನಿಂದ ನೋಡಿ ಅದನ್ನು ಯಾರೂ ಹೇಳಲಾರರು.

ಅದಕ್ಕಾಗಿಯೇ ಲೇಬಲ್ ಇರುವುದು. 1966ರ ಬೀಜ ಕಾಯ್ದೆ ಮತ್ತು ಅದರಡಿಯ 1968ರ ನಿಯಮಗಳ ಪ್ರಕಾರ ಅಧಿಸೂಚಿತ ತಳಿಯ, ಅಂದರೆ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ತಳಿಯ, ಬೀಜವನ್ನು ಮಾರುವಾಗ ಬೆಳೆ ಮತ್ತು ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ದಿನಾಂಕ, ತೂಕ ಮತ್ತು ಜವಾಬ್ದಾರರ ಹೆಸರು, ವಿಳಾಸಗಳು ಪೊಟ್ಟಣದ ಮೇಲೆ ಇರಲೇಬೇಕು. ಪ್ರಮಾಣಿತ, ಅಂದರೆ ಪ್ರಮಾಣೀಕರಣ ಸಂಸ್ಥೆ ಪರಿಶೀಲಿಸಿ ದೃಢೀಕರಿಸಿದ, ಟೊಮೆಟೊ ಬೀಜದಲ್ಲಿ ಕನಿಷ್ಠ ಶೇ 70ರಷ್ಟು ಮೊಳಕೆ ಮತ್ತು ಶೇ 98ರಷ್ಟು ಭೌತಿಕ ಶುದ್ಧತೆ ಇರಬೇಕೆಂಬುದು ದೇಶದಲ್ಲಿ ಜಾರಿಯಲ್ಲಿರುವ ಮಾನದಂಡ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಉತ್ಪಾದಕರೇ ಹೊಣೆ ಹೊತ್ತು ಮಾರುವ ಬೀಜಕ್ಕೆ ತಿಳಿ ಹಸಿರು ಚೀಟಿ ಇರುತ್ತದೆ. ಬೀಜದ ವ್ಯಾಪಾರ ಮಾಡುವವರು 1983ರ ಬೀಜ ನಿಯಂತ್ರಣ ಆದೇಶದಡಿ ಪರವಾನಗಿಯನ್ನೂ ಪಡೆದಿರಬೇಕು. ದೊಡ್ಡ ಪೊಟ್ಟಣವನ್ನು ಒಡೆದು ಹತ್ತು ಇಪ್ಪತ್ತು ಬೀಜಗಳಂತೆ ಜಿಪ್ ಕವರಿಗೆ ಹಂಚಿದ ಕ್ಷಣವೇ ಈ ಮಾಹಿತಿಯೆಲ್ಲ ಕಳಚಿಹೋಗುತ್ತದೆ, ಕೊಳ್ಳುವವರ ಕೈಯಲ್ಲಿ ಮಾರುವವರ ಮಾತು ಮಾತ್ರ ಉಳಿಯುತ್ತದೆ. ಜೊತೆಗೆ ಇನ್ನೊಂದು ಅಪಾಯವೂ ಇದೆ: ಗುಲಾಬಿಯೋ ಹಸಿರೋ ಬಣ್ಣ ಬಳಿದಂತೆ ಕಾಣುವ ಬೀಜಗಳು ಥೈರಂನಂಥ ಶಿಲೀಂಧ್ರನಾಶಕದಿಂದ ಉಪಚರಿಸಿದವಾಗಿರಬಹುದು, ಮೂಲ ಪೊಟ್ಟಣದ ಮೇಲೆ ಆ ಎಚ್ಚರಿಕೆ ಅಚ್ಚಾಗಿರುತ್ತದೆ, ಮರುಪ್ಯಾಕ್ ಮಾಡಿದ ಕವರಿನ ಮೇಲೆ ಇರುವುದಿಲ್ಲ. ಮಕ್ಕಳ ಕೈಯಿಂದ ಬೀಜ ಹಾಕಿಸುವ ಮನೆಗಳಲ್ಲಿ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಮೊಳೆತ ಕೆಲವೇ ಸಸಿಗಳಿಗೆ ಹಾನಿ ಮಾಡಿದ್ದು ಕಿಟ್‌ನ ಸೂಚನೆಗಳ ಹಾಳೆ. ಸಸಿಗಳಿಗೆ ಆರು ಎಲೆ ಬರುವವರೆಗೆ ಟ್ರೇಯ ಮುಚ್ಚಳ ತೆಗೆಯಬಾರದು, ದಿನಕ್ಕೆರಡು ಬಾರಿ ನೀರು ಚಿಮುಕಿಸಬೇಕು, ಬಿಸಿಲಿನಿಂದ ದೂರವಿಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಈ ಮೂರೂ ಸೇರಿದರೆ ಸಸಿಗಳಿಗೆ ಬುಡ ಕೊಳೆ ರೋಗ ಬರುವುದು ಬಹುತೇಕ ಖಚಿತ. ಪಿಥಿಯಂ, ರೈಜೊಕ್ಟೋನಿಯಾ ಮೊದಲಾದ ರೋಗಕಾರಕಗಳು ಗಾಳಿಯಾಡದ, ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಬೆಳೆದು, ಸಸಿಯ ಕಾಂಡ ಮಣ್ಣಿಗೆ ತಾಗುವ ಜಾಗವನ್ನೇ ಕೊಳೆಸುತ್ತವೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ನೋಡುವಾಗ, ಎಲೆಗಳು ಇನ್ನೂ ಹಸಿರಾಗಿರುವಾಗಲೇ, ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿರುತ್ತದೆ. ಒಮ್ಮೆ ಮಲಗಿದ ಸಸಿಗೆ ಯಾವ ಮದ್ದೂ ಇಲ್ಲ, ಮತ್ತು ಅದು ಪಕ್ಕದ ಗುಣಿಗಳಿಗೂ ಹರಡುತ್ತದೆ. ಒಟ್ಲು (ಸಸಿಮಡಿ) ಹಾಕಿ ರೂಢಿಯಿರುವ ರೈತರು ಪಾತಿಯನ್ನು ನೆಲಮಟ್ಟಕ್ಕಿಂತ ಎತ್ತರಿಸಿ, ನೀರು ನಿಲ್ಲದಂತೆ ನೋಡಿಕೊಂಡು, ಬೀಜವನ್ನು ಒತ್ತೊತ್ತಾಗಿ ಚೆಲ್ಲದೆ ಸಾಲಿನಲ್ಲಿ ಬಿತ್ತುವುದು ಇದೇ ಕಾರಣಕ್ಕೆ. ಮುಚ್ಚಳವಾಗಲಿ ಹುಲ್ಲಿನ ಹೊದಿಕೆಯಾಗಲಿ ಮೊಳಕೆ ಮೇಲೆ ಕಾಣಿಸುವವರೆಗೆ ಮಾತ್ರ. ಕಂಡ ದಿನವೇ ತೆಗೆದು, ಬೆಳಗಿನ ಎಳೆಬಿಸಿಲಿಗೆ ಇಡಲು ಆರಂಭಿಸಬೇಕು. ಬೆಳಕು ಸಾಲದೆ ಹೋದರೆ ಸಸಿಗಳು ಬಿಳಿಚಿಕೊಂಡು ಉದ್ದಕ್ಕೆ ಬೆಳೆದು, ತಮ್ಮ ತೂಕವನ್ನು ತಾವೇ ಹೊರಲಾರದೆ ಬಾಗುತ್ತವೆ. ಮೇಲ್ಮಣ್ಣು ಕೈಗೆ ಸ್ವಲ್ಪ ಒಣಗಿದಂತೆ ಅನ್ನಿಸಿದಾಗ ಟ್ರೇಯ ಕೆಳಗಿನಿಂದ ನೀರು ಹೀರಿಸುವುದು ಸುರಕ್ಷಿತ. ಕಿಟ್ ಮಾರುವವರಿಗೆ ಇಷ್ಟು ಗೊತ್ತಿರಬೇಕಿತ್ತು, ಗೊತ್ತಿದ್ದರೆ ಹಾಳೆಯಲ್ಲಿ ಬರೆಯಬೇಕಿತ್ತು.

ಕೊಕೊಪೀಟ್ ಬಗ್ಗೆಯೂ ಒಂದು ಮಾತು. ತೆಂಗಿನ ನಾರಿನ ಪುಡಿಯಲ್ಲಿ ಸಹಜವಾಗಿಯೇ ಪೊಟ್ಯಾಸಿಯಂ ಮತ್ತು ಸೋಡಿಯಂ ಲವಣಗಳಿರುತ್ತವೆ, ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯಿಂದ ಬಂದದ್ದಾದರೆ ಇನ್ನೂ ಹೆಚ್ಚು. ಚೆನ್ನಾಗಿ ತೊಳೆಯದ ಪುಡಿಯಲ್ಲಿ ಎಳೆಯ ಬೇರು ಸುಡುತ್ತದೆ, ಎಲೆಯ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ಇಟ್ಟಿಗೆಯನ್ನು ನೀರಿನಲ್ಲಿ ಉಬ್ಬಿಸಿ, ಬಟ್ಟೆಯಲ್ಲಿ ಹಿಂಡಿ, ಬಸಿದ ನೀರು ತಿಳಿಯಾಗುವವರೆಗೆ ಎರಡು ಮೂರು ಬಾರಿ ತೊಳೆದೇ ಬಳಸಬೇಕು. ಚೀಲದಲ್ಲಿದ್ದ ಗೊಬ್ಬರ ತೆರೆದ ಕೂಡಲೇ ಮೂಗಿಗೆ ಅಮೋನಿಯಾದ ಘಾಟು ಹೊಡೆಯುತ್ತಿತ್ತು. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೂ ಎರೆಹುಳು ಗೊಬ್ಬರಕ್ಕೂ ಮಣ್ಣಿನ ವಾಸನೆ ಇರುತ್ತದೆ. ಘಾಟು ಇದ್ದರೆ ಅದನ್ನು ಸಸಿಗಳ ಹತ್ತಿರಕ್ಕೂ ತರಬೇಡಿ.

ಇಷ್ಟೆಲ್ಲ ದಾಟಿ ಬದುಕಿದ ಗಿಡಗಳನ್ನು ನಾವು ದೊಡ್ಡ ಕುಂಡಗಳಿಗೆ ನಾಟಿ ಮಾಡಿ, ಕೋಲು ಕೊಟ್ಟು ಕಟ್ಟಿ, ಹೂವು ಬಂದಾಗ ಸಂತೋಷಪಟ್ಟೆವು. ಹಣ್ಣು ಮಾಗಿದಾಗ ಒಂದೇ ಒಂದು ಗಿಡದಲ್ಲೂ ಜಾಹೀರಾತಿನ ಬಣ್ಣವಿರಲಿಲ್ಲ. ಎಲ್ಲವೂ ಮಾರುಕಟ್ಟೆಯ ಕೆಂಪು ಟೊಮೆಟೊಗಳೇ, ಅದರಲ್ಲೂ ಒಂದೇ ಕವರಿನಿಂದ ಬಂದ ಗಿಡಗಳಲ್ಲಿ ಒಂದರ ಹಣ್ಣು ಗುಂಡಗೆ, ಇನ್ನೊಂದರದು ಮೊಟ್ಟೆಯಾಕಾರ, ಒಂದು ಗಿಡ್ಡ, ಇನ್ನೊಂದು ಬಳ್ಳಿಯಂತೆ ಹಬ್ಬಿದ್ದು. ಇದರ ಅರ್ಥ ತಿಳಿದವರಿಗೆ ಸ್ಪಷ್ಟವಾಗಿದೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫಾರಂ ಟೊಮೆಟೊ ಹೈಬ್ರಿಡ್ ಗಿಡಗಳ, ಅಂದರೆ ಎರಡು ತಳಿಗಳನ್ನು ಕೂಡಿಸಿ ಪಡೆದ ಗಿಡಗಳ, ಹಣ್ಣು. ಆ ಹಣ್ಣಿನ ಬೀಜವನ್ನು ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಎರಡೂ ಪೋಷಕ ತಳಿಗಳ ಗುಣಗಳು ಬೇರ್ಪಟ್ಟು, ಗಿಡದಿಂದ ಗಿಡಕ್ಕೆ ವ್ಯತ್ಯಾಸ ಕಾಣಿಸುತ್ತದೆ. ಕೊಳೆತ ಹಣ್ಣಿನಿಂದ ತೆಗೆದು ಒಣಗಿಸಿದ ಬೀಜಕ್ಕೆ ಬಣ್ಣದ ಹೆಸರು ಬರೆದು ಮಾರಿದರೆ ಆಗುವುದು ಹೀಗೆಯೇ. ಬಿತ್ತನೆಯಿಂದ ನಾಟಿಗೆ ಸುಮಾರು 25ರಿಂದ 30 ದಿನ, ನಾಟಿಯಿಂದ ಮೊದಲ ಹಣ್ಣಿಗೆ ಎರಡು ತಿಂಗಳಿಗೂ ಹೆಚ್ಚು. ಅಷ್ಟು ಕಾಲದ ನಂತರ ಹಣ ವಾಪಸು ಕೇಳಿದರೆ, ಹಿಂತಿರುಗಿಸುವ ಅವಧಿ ಮುಗಿದಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ.

ನ್ಯಾಯವಾಗಿ ಒಂದನ್ನು ಹೇಳಬೇಕು. ನಮ್ಮ ಕೆಲವು ಗಿಡಗಳ ಎಲೆ ಮುಟುರಿಕೊಂಡು ಬೆಳವಣಿಗೆ ನಿಂತಿತು, ಅದಕ್ಕೆ ಬೀಜವನ್ನು ದೂರಲಾರೆ. ಎಲೆ ಮುಟುರು ರೋಗದ ವೈರಸ್ಸನ್ನು ಮುಖ್ಯವಾಗಿ ಹರಡುವುದು ಬಿಳಿನೊಣ. ಸಸಿ ಹಂತದಲ್ಲಿ ನೈಲಾನ್ ಬಲೆ ಮುಚ್ಚುವುದು, ರೋಗ ಬಂದ ಗಿಡವನ್ನು ಬೇಗ ಕಿತ್ತು ದೂರ ಹಾಕುವುದು, ಹಳದಿ ಅಂಟುಪಟ್ಟಿ ತೂಗುಹಾಕುವುದು ಮತ್ತು ಆರಂಭದಲ್ಲೇ ರೋಗ ನಿರೋಧಕ ತಳಿಯನ್ನು ಆಯ್ದುಕೊಳ್ಳುವುದು ಇದಕ್ಕಿರುವ ದಾರಿ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹೈಬ್ರಿಡ್ ಎಲೆ ಮುಟುರು, ದುಂಡಾಣು ಸೊರಗು ಮತ್ತು ಮುಂಗಾರು ಅಂಗಮಾರಿ (ಅರ್ಲಿ ಬ್ಲೈಟ್), ಈ ಮೂರು ರೋಗಗಳನ್ನೂ ತಡೆಯುವ ಶಕ್ತಿಯುಳ್ಳದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ ಮತ್ತು ವೈಭವ್ ತಳಿಗಳೂ ಎಲೆ ಮುಟುರು ರೋಗಕ್ಕೆ ಪ್ರತಿರೋಧ ತೋರುವಂಥವು. ಮುಂದಿನ ವರ್ಷಕ್ಕೆ ಮನೆಯ ಬೀಜವನ್ನೇ ಉಳಿಸಿಕೊಳ್ಳುವ ಆಸೆಯಿದ್ದರೆ ‘ಅರ್ಕಾ ವಿಕಾಸ್’ನಂಥ, ಹೈಬ್ರಿಡ್ ಅಲ್ಲದ ತಳಿಯನ್ನೋ, ಪರಿಚಿತರ ಹೊಲದ ನಾಟಿ ಟೊಮೆಟೊವನ್ನೋ ಆರಿಸಿ. ಇವು ನೀಲಿಯೂ ಅಲ್ಲ, ಕಪ್ಪೂ ಅಲ್ಲ. ಆದರೆ ಪೊಟ್ಟಣದ ಮೇಲೆ ಬರೆದದ್ದೇ ಗಿಡದಲ್ಲಿ ಬರುತ್ತದೆ, ಮೊದಲ ಬೆಳೆಗೆ ಬೇಕಾದದ್ದು ಅದು.

ವಿದೇಶದಲ್ಲಿರುವ ನಂಟರಿಂದ ಬಣ್ಣದ ತಳಿಯ ಬೀಜ ತರಿಸಿಕೊಳ್ಳುವ ಯೋಚನೆ ಹಲವರಿಗೆ ಬರುತ್ತದೆ. ಅದನ್ನೂ ಬಿಡಿ. 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಬೀಜ ತರುವಂತಿಲ್ಲ, ಮತ್ತು ಈ ನಿಯಮ ಸುಮ್ಮನೆ ಮಾಡಿದ್ದಲ್ಲ. 2014ರಲ್ಲಿ ಇಸ್ರೇಲ್‌ನಲ್ಲಿ ಕಾಣಿಸಿಕೊಂಡ, ಟೊಮೆಟೊ ಹಣ್ಣಿನ ಮೇಲೆ ಕಂದು ಸುಕ್ಕುಗಳನ್ನು ತರುವ ವೈರಸ್ ಬೀಜದ ಮೂಲಕ, ಕೈ ಮತ್ತು ಉಪಕರಣಗಳ ಮೂಲಕ ಹರಡಿ ಕೆಲವೇ ವರ್ಷಗಳಲ್ಲಿ ಹಲವು ಖಂಡಗಳನ್ನು ತಲುಪಿತು. ಕೋಲಾರದಂಥ ಜಿಲ್ಲೆಯಲ್ಲಿ ಅಸಂಖ್ಯ ಕುಟುಂಬಗಳು ಇದೇ ಬೆಳೆಯನ್ನು ನಂಬಿ ಬದುಕುತ್ತಿರುವಾಗ, ನಮ್ಮ ತಾರಸಿಯ ಹವ್ಯಾಸಕ್ಕಾಗಿ ಅಂಥ ಅಪಾಯವನ್ನು ಒಳಗೆ ಬಿಟ್ಟುಕೊಳ್ಳುವುದು ಸರಿಯಲ್ಲ.

ಲೇಬಲ್ ಇರುವ ಬೀಜವನ್ನೂ ಬಿತ್ತುವ ಮುನ್ನ ಪರೀಕ್ಷಿಸುವುದು ಸುಲಭ. ಹತ್ತು ಬೀಜಗಳನ್ನು ಹೆಸರುಕಾಳು ಮೊಳಕೆ ಕಟ್ಟುವಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಬೆಚ್ಚಗಿನ ಜಾಗದಲ್ಲಿ 14 ದಿನಗಳವರೆಗೆ ಗಮನಿಸಿ. ಏಳಕ್ಕಿಂತ ಕಡಿಮೆ ಮೊಳೆತರೆ ಇನ್ನೊಮ್ಮೆ ನೋಡಿ. ಆಗಲೂ ಹಾಗೆಯೇ ಆದರೆ ದೋಷ ಬೀಜದ್ದು, ನಿಮ್ಮದಲ್ಲ.

ಈಗಾಗಲೇ ಇಂಥ ಪೊಟ್ಟಣ ಕೊಂಡಿರುವವರು ಎಲ್ಲ ಬೀಜವನ್ನೂ ಬಿತ್ತಬೇಡಿ. ಸ್ವಲ್ಪ ಬೀಜವನ್ನು ಮೂಲ ಕವರಿನಲ್ಲೇ ಉಳಿಸಿ, ಜಾಹೀರಾತಿನ ಚಿತ್ರ, ಹಣ ಪಾವತಿಸಿದ ದಾಖಲೆ ಮತ್ತು ಮಾರಾಟಗಾರರ ಜೊತೆಗಿನ ಸಂದೇಶಗಳನ್ನು ತೆಗೆದಿಟ್ಟುಕೊಳ್ಳಿ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಸ್ಪಷ್ಟವಾಗಿ ಹೇಳಿದೆ, ಕೈತೋಟದವರಿಗೂ ಗ್ರಾಹಕರ ಹಕ್ಕು ಇದ್ದೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಲೇಬಲ್ ಇಲ್ಲದ ಬೀಜದ ಮಾರಾಟವನ್ನು ನಿಮ್ಮ ಭಾಗದ ಬೀಜ ಪರಿವೀಕ್ಷಕರ ಗಮನಕ್ಕೂ ಲಿಖಿತವಾಗಿ ತರಬಹುದು.