ಹಸಿರು ಪೇಂಟ್ ಚೆಲ್ಲಿದಂತಿರುವ ಕೆರೆಗೆ ಮಕ್ಕಳನ್ನು ಇಳಿಸಬೇಡಿ

ಬೇಸಿಗೆ ರಜೆಗೆ ಅಕ್ಕನ ಮಕ್ಕಳಿಬ್ಬರು ಬಂದಿದ್ದರು. ಗಂಗಾವತಿ ಕಡೆಯ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿತ್ತು. "ಮಾಮಾ, ಈಜಾಕ ಹೋಗೂಣು" ಅಂತ ಗಂಟುಬಿದ್ದರು. ಊರ ಹೊರಗಿನ ಸಣ್ಣ ಕೆರೆಗೆ ಕರೆದುಕೊಂಡು ಹೋದೆ. ಸೋರೆ ಬುರುಡೆ ಕಟ್ಟಿಕೊಂಡು ನಾನು ಈಜು ಕಲಿತದ್ದೂ ಅಲ್ಲೇ. ಆ ಧೈರ್ಯವೇ ಮೋಸ ಮಾಡಿತು.

ದಂಡೆಯ ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗಿತ್ತು. ಪಾಚಿ ತಾನೇ ಅಂದುಕೊಂಡೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು ನಿಂತು ಹೇಳಿದರು: "ತಮ್ಮಾ, ಈ ನೀರು ನನ್ನ ಕುರಿಗೂ ಕುಡಸಂಗಿಲ್ಲ."

"ನಾವು ಕುಡಿಯಾಕಲ್ಲ ಯಜ್ಜಾ, ಈಜಾಕ ಬಂದೀವಿ" ಅಂತ ನಕ್ಕೆ. ಈಜು ಕಲಿಯುವ ಹುಡುಗರು ನೀರು ಕುಡಿಯದೆ ಇರುತ್ತಾರಾ? ಅದು ಆಗ ತಲೆಗೆ ಹೊಳೆಯಲಿಲ್ಲ.

ಇದ್ದದ್ದು ಅರ್ಧ ಗಂಟೆ. ಸಂಜೆಗೆ ಇಬ್ಬರಿಗೂ ಮೈತುರಿಕೆ. ಚಡ್ಡಿ ಬಿಗಿಯಾಗಿದ್ದ ಜಾಗದಲ್ಲೇ ಕೆಂಪು ದದ್ದು ಜಾಸ್ತಿ. ಕಣ್ಣು ಕೆಂಪು. ರಾತ್ರಿ ಚಿಕ್ಕವನಿಗೆ ವಾಂತಿ ಶುರುವಾಯಿತು, ಆಮೇಲೆ ಎರಡು ದಿನ ಭೇದಿ. ಅಕ್ಕ ನನ್ನ ಜೊತೆ ಮಾತೇ ಬಿಟ್ಟಿದ್ದಳು.

ಇದು ಎಳೆ ಎಳೆಯಾಗಿರುವ ಮಾಮೂಲಿ ಪಾಚಿ ಅಲ್ಲ. ನೀಲಿ-ಹಸಿರು ಪಾಚಿ ಅನ್ನುತ್ತಾರೆ, ನಿಜವಾಗಿ ಒಂದು ಜಾತಿಯ ಬ್ಯಾಕ್ಟೀರಿಯಾ. ನಮ್ಮದು ಭತ್ತದ ನಾಡು. ಗದ್ದೆಗೆ ಹಾಕಿದ ಯೂರಿಯಾ, ಡಿಎಪಿ ಬಸಿದು ಕೆರೆಗೇ ಬರುತ್ತದೆ. ಕಾಲುವೆ ನಿಂತ ಮೇಲೆ ಹೊಸ ನೀರಿಲ್ಲ. ನಿಂತ ನೀರು, ಬಿಸಿಲು, ಗೊಬ್ಬರ, ಇನ್ನೇನು ಬೇಕು ಅದಕ್ಕೆ? ಈಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರೇ ಹಸಿರಾಗಿದ್ದನ್ನು ನೋಡಿದ್ದೇವೆ. ಈ ಪಾಚಿಯಲ್ಲಿ ಎಲ್ಲ ಸಲವೂ ವಿಷ ಇರುತ್ತದೆ ಅಂತೇನಿಲ್ಲ, ಆದರೆ ಕಣ್ಣಿಗೆ ಗೊತ್ತಾಗಲ್ಲ. ಕುದಿಸಿದರೂ ಆ ವಿಷ ಹೋಗಲ್ಲ. ಗಾಳಿ ಬೀಸಿದ ಕಡೆಗೆ ಈ ಹಸಿರು ಕೆನೆ ಸರಿಯುತ್ತದೆ, ಹಾಗಾಗಿ ಆಚೆ ದಂಡೆ ತಿಳಿಯಾಗಿದೆ ಅಂತ ಅಲ್ಲೂ ಇಳಿಯಬೇಡಿ.

ಒಂದು ಕಡ್ಡಿ ಅದ್ದಿ ನೋಡಿ. ಕೂದಲಿನ ಹಾಗೆ ಎಳೆ ಸುತ್ತಿಕೊಂಡರೆ ಮಾಮೂಲಿ ಪಾಚಿ. ಬಣ್ಣ ಬಳಿದ ಹಾಗೆ ಹತ್ತಿದರೆ ವಾಪಸ್ ಬನ್ನಿ. ಆಮೇಲೆ ನಾನು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಂದು ಬಾಟಲಿ ನೀರು ತಂದು ಕಿಟಕಿಯಲ್ಲಿ ಅಲ್ಲಾಡಿಸದೆ ಇಟ್ಟೆ. ಬೆಳಿಗ್ಗೆ ಹಸಿರೆಲ್ಲ ಮೇಲೆ ತೇಲಿ ಉಂಗುರ ಕಟ್ಟಿತ್ತು. ತಳಕ್ಕೆ ಇಳಿದಿದ್ದರೆ ಬೇರೆ ಪಾಚಿ ಅಂತ ಲೆಕ್ಕ.

ಇನ್ನೊಂದು. ಹೂಳು ತೆಗೆದ ಗುಂಡಿಗಳು ಈ ನೀರಲ್ಲಿ ಕಾಣಲ್ಲ. ಅವತ್ತು ಸೊಂಟದ ಮಟ್ಟದ ನೀರಲ್ಲಿ ನಿಂತಿದ್ದ ನನಗೇ ಮುಂದಿನ ಹೆಜ್ಜೆಗೆ ನೆಲ ಸಿಗಲಿಲ್ಲ.

"ಆನೆಗೊಂದಿ ಹತ್ತಿರದ ಸಣಾಪುರ ಕೆರೆಗೆ ಹೋಗಬಹುದಿತ್ತಲ್ಲ" ಅಂದವರಿದ್ದಾರೆ. ಅಲ್ಲಿ ತೆಪ್ಪದಲ್ಲಿ ಕೂತು ಸುತ್ತಿ ಬನ್ನಿ, ಸಾಕು. 2025ರ ಫೆಬ್ರವರಿಯಲ್ಲಿ ಅಲ್ಲೇ ಹತ್ತಿರ ಬಂಡೆ ಮೇಲಿಂದ ತುಂಗಭದ್ರೆಗೆ ಜಿಗಿದ ಹೈದರಾಬಾದಿನ ವೈದ್ಯೆ ಜೀವ ಕಳೆದುಕೊಂಡರು.

ಈಗಾಗಲೇ ಇಳಿದು ಬಂದಿದ್ದರೆ ತಕ್ಷಣ ಒಳ್ಳೆ ನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಸಿ, ಒದ್ದೆ ಚಡ್ಡಿ ಬದಲಿಸಿ. ವಾಂತಿಯಾದರೆ ಡಾಕ್ಟರಿಗೆ ಮೊದಲು ಹಸಿರು ನೀರಿನ ವಿಷಯ ಹೇಳಿ. ನಾವು ತುಂಬಾ ಹೊತ್ತು ಸಂಜೆ ತಿಂದ ಮಿರ್ಚಿ-ಮಂಡಕ್ಕಿಯ ಮೇಲೇ ತಪ್ಪು ಹಾಕುತ್ತಾ ಕೂತಿದ್ದೆವು.